ಬೀಗದ ಮನೆ, ಇಲಿಯ ಸಂಸಾರ



ತೊಗರಿ ರಾಶಿ ಮುಗಿದು ಚೀಲಗಳು ಮನೆ ಸೇರುವ ದಿನಗಳಿವು. ಹೊಲ ಬರಿದಾಗುತ್ತಿದ್ದಂತೆ ಹೊಲದ ಇಲಿಗಳೂ ಚೀಲಗಳ ಬೆನ್ನು ಹಿಡಿದು ಊರೊಳಗೆ ಬರುತ್ತವೆ. ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಇಲಿಗೆ ಯಾವ ಔಷಧಿ ಛಲೋ?" ನಾನು, "ಮೊದಲು ಊರಾಗಿನ ಹಳೇ ಮನಿ ಬೀಗ ತೆಗೀರಿ" ಎಂದೆ. ಉತ್ತರ ಅವರಿಗೆ ಹಿಡಿಸಲಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮಗೆ ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು. ಅಂಗಡಿಯಲ್ಲಿ ಕನ್ನಡದವರು ಇಲಿ ಔಷಧಿ ಕೇಳುತ್ತಾರೆ, ತೆಲುಗಿನವರು ಎಲುಕಲ ಮಂದು ಎನ್ನುತ್ತಾರೆ, ಉರ್ದು ಮಾತಾಡುವವರು ಚೂಹೆ ಕೀ ದವಾ ಎನ್ನುತ್ತಾರೆ. ಮೂರು ಭಾಷೆಯಲ್ಲೂ ವಿಷಕ್ಕೆ ಮದ್ದೆಂದೇ ಹೆಸರು! ಹೆಸರು ಹೀಗಿರುವುದರಿಂದಲೇ ಅದು ಜ್ವರದ ಗುಳಿಗೆಯ ಪಕ್ಕದಲ್ಲಿ, ಅದೇ ಗೋಡೆಯ ಗೂಡಿನಲ್ಲಿ ಕುಳಿತಿರುತ್ತದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮನೆಯ ಮಾತು. ನಮ್ಮ ಹಿರಿಯರ ಮನೆಗಳು ಎರಡಡಿ ದಪ್ಪದ ಕಲ್ಲುಗೋಡೆಯವು. ಕಲ್ಲಿನ ನಡುವೆ ಬರೀ ಮಣ್ಣು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ತಾಂಡೂರಿನ ಕಡೆ ನೆಲಕ್ಕೆ ಪರಸಿ ಕಲ್ಲು ಹಾಸಿರುತ್ತಾರೆ, ಆದರೆ ಅದರ ಕೆಳಗೂ ಸಡಿಲ ಮಣ್ಣೇ. ಬೇಸಿಗೆಗೆ ತಂಪಾದ, ಚಳಿಗೆ ಬೆಚ್ಚಗಿನ ಮನೆ. ಮನುಷ್ಯನಿಗೆ ಹೇಗೋ ಇಲಿಗೂ ಹಾಗೇ. ಜನ ವಾಸವಿದ್ದಾಗ ದಿನಾ ಕಸ ಗುಡಿಸುತ್ತಿದ್ದರು, ವಾರಕ್ಕೊಮ್ಮೆ ಸಾರಿಸುತ್ತಿದ್ದರು, ಬಿಲ ಕಂಡರೆ ಅಂದೇ ಮುಚ್ಚುತ್ತಿದ್ದರು. ಒಲೆಯ ಹೊಗೆ ಇತ್ತು, ಬೆಕ್ಕಿತ್ತು, ರಾತ್ರಿ ಎದ್ದು ಕೆಮ್ಮುವ ಅಜ್ಜ ಇದ್ದ. ಈಗ ಮಕ್ಕಳು ಹೈದರಾಬಾದಿನಲ್ಲಿ. ತಂದೆ ತಾಯಿ ಊರಾಚೆ ಕಟ್ಟಿಸಿದ ಸಿಮೆಂಟಿನ ಮನೆಯಲ್ಲಿ. ಹಳೆಯ ಮನೆಗೆ ಬೀಗ. ಬರೀ ಬೀಗ ಹಾಕಿದ್ದರೆ ಚಿಂತೆಯಿರಲಿಲ್ಲ. ಧಾರಣೆ ಏರಲಿ ಎಂದು ಹತ್ತಿಪ್ಪತ್ತು ಚೀಲ ತೊಗರಿ, ಉಣ್ಣಲು ಬೇಕೆಂದು ನಾಲ್ಕು ಚೀಲ ಬಿಳಿಜೋಳ ಒಳಗೇ ಬಿಟ್ಟು ಬೀಗ ಹಾಕುತ್ತೇವೆ.

ಇದರ ಫಲ ಏನಾಗಬಹುದೆಂದು ನಮಗೆ ಬಹಳ ದೂರವಲ್ಲದ ಒಂದು ಊರು ತೋರಿಸಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲಾರಿಯ ಭೂಕಂಪವಾದದ್ದು ನಮ್ಮಲ್ಲಿ ಐವತ್ತು ದಾಟಿದವರಿಗೆಲ್ಲ ನೆನಪಿದೆ. ಬೀದರಿನಾಚೆ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಅವರ ಮೇಲೆ ಬಿದ್ದದ್ದು ನಮ್ಮ ಮನೆಗಳಂಥದೇ ಕಲ್ಲು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಪಕ್ಕದ ಬೀಡ್ ಜಿಲ್ಲೆಯಲ್ಲಿ ಮಾಮ್ಲಾ ಎಂಬ ಚಿಕ್ಕ ಹಳ್ಳಿ. ಅಲ್ಲಿನ ಜನ ನಡುಕಕ್ಕೆ ಹೆದರಿ ಮನೆ ಬಿಟ್ಟು ಹೊರಗಿನ ಶೆಡ್ಡುಗಳಲ್ಲಿ ವಾಸಕ್ಕೆ ನಿಂತರು. ಕಾಳುಕಡಿ ಹಳೆಯ ಮನೆಗಳಲ್ಲೇ ಉಳಿಯಿತು. ತಿಂಗಳುಗಟ್ಟಲೆ ಮನುಷ್ಯರಿಲ್ಲದ ಮನೆ, ತುಂಬಿದ ಧಾನ್ಯ. 1994ರ ಆಗಸ್ಟ್ ತಿಂಗಳಲ್ಲಿ ಆ ಊರಲ್ಲಿ ಇಲಿಗಳು ಸತ್ತು ಬೀಳತೊಡಗಿದವು, ಚಿಗಟದ ಕಾಟ ಎದ್ದಿತು, ಅದೇ ತಿಂಗಳಲ್ಲಿ ಜನರ ಕಂಕುಳು ತೊಡೆಸಂದುಗಳಲ್ಲಿ ಗಡ್ಡೆ ಕಾಣಿಸಿಕೊಂಡವು. ಅದು ಪ್ಲೇಗು. ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಶ್ವಾಸಕೋಶದ ಪ್ಲೇಗು ಕಾಣಿಸಿಕೊಂಡು ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಆ ವರ್ಷ ದೇಶದಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಇಲಿಗೂ ಈ ಗಡ್ಡೆಗೂ ನಂಟಿದೆಯೆಂಬ ತಿಳಿವಳಿಕೆ ಹಳೆಯದು. ಸಮುವೇಲನ ಮೊದಲನೆಯ ಗ್ರಂಥದ ಆರನೆಯ ಅಧ್ಯಾಯ ತೆರೆದು ನೋಡಿ. ಫಿಲಿಷ್ಟಿಯರು ಐದು ಬಂಗಾರದ ಗಡ್ಡೆಗಳನ್ನೂ ಐದು ಬಂಗಾರದ ಇಲಿಗಳನ್ನೂ ಮಾಡಿಸಿ ಮಂಜೂಷದೊಂದಿಗೆ ಕಳುಹಿಸಿದ ಪ್ರಸಂಗ ಅಲ್ಲಿದೆ.

ನಾಳೆಯೇ ನಮ್ಮೂರಿಗೆ ಪ್ಲೇಗು ಬರುತ್ತದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಮಾಮ್ಲಾದ ಜನ ಜೀವಭಯದಿಂದ ಮಾಡಿದ್ದನ್ನು ನಾವು ಧಾರಣೆಯ ಆಸೆಗೆ ಮಾಡುತ್ತಿದ್ದೇವೆ. ಒಂದು ಚಿಟ್ಟಿಲಿ ಮೂರು ವಾರದಲ್ಲಿ ಐದಾರು ಮರಿ ಹಾಕುತ್ತದೆ. ಆ ಮರಿಗಳು ಒಂದೂವರೆ ಎರಡು ತಿಂಗಳಿಗೆ ತಾವೇ ಮರಿ ಹಾಕುವಷ್ಟು ಬೆಳೆಯುತ್ತವೆ. ಚಿಟ್ಟಿಲಿಗೆ ಕುಡಿಯಲು ನೀರು ಕೂಡ ಹೆಚ್ಚು ಬೇಡ, ಕಾಳಿದ್ದರೆ ಸಾಕು. ಅದು ತಿನ್ನುವುದು ದಿನಕ್ಕೆ ಮೂರು ಗ್ರಾಮಿನಷ್ಟೇ. ಉಚ್ಚೆ ಹಿಕ್ಕೆಯಿಂದ ಕೆಡಿಸುವುದು ಅದಕ್ಕಿಂತ ಬಹಳ ಹೆಚ್ಚು. 2022ರಲ್ಲಿ ಭೌಗೋಳಿಕ ಸೂಚಕ ಪಡೆದ ತಾಂಡೂರು ತೊಗರಿಗೆ ಹೆಚ್ಚಿನ ಬೆಲೆ ಸಿಗಲಿ ಎಂದು ಇಟ್ಟವರು, ಚೀಲ ಬಿಚ್ಚಿದಾಗ ಹಿಕ್ಕೆ ಆರಿಸುತ್ತ ಕೂತದ್ದನ್ನು ನೋಡಿದ್ದೇನೆ. ಜೊತೆಗೆ ಗೋಡೆಯ ನಷ್ಟ. ಬಿಲದ ಬಾಯಲ್ಲಿ ಕಾಣುವ ಮಣ್ಣಿನ ಗುಡ್ಡೆ ಎಲ್ಲಿಯದು? ಕಲ್ಲುಗಳ ನಡುವಿನದು. ಮಳೆಗಾಲದಲ್ಲಿ ಮಾಳಿಗೆ ಸೋರಿದ ನೀರು ಆ ಪೊಳ್ಳಿನೊಳಗೆ ಇಳಿಯುತ್ತದೆ, ಒಂದು ರಾತ್ರಿ ಗೋಡೆ ಬೀಳುತ್ತದೆ. ಇಲಿಯಿದ್ದಲ್ಲಿಗೆ ನಾಗರ ಬರುವುದನ್ನಂತೂ ನಿಮಗೆ ನಾನು ಹೇಳಬೇಕಿಲ್ಲ.

"ಬೀಗ ಹಾಕಿದ ಮನ್ಯಾಗ ಇಡಬ್ಯಾಡ ಅಂದ್ರ ಎಲ್ಲಿಡ್ಲಿ?" ಎಂದು ನಾರಾಯಣಖೇಡದ ಕಡೆಯ ಕಾಕಾ ಒಬ್ಬರು ಗದರಿಸಿದರು. ನ್ಯಾಯವಾದ ಪ್ರಶ್ನೆಯೇ. ಇಡಬೇಕಾದ್ದನ್ನು ಜನ ವಾಸವಿರುವ ಮನೆಯಲ್ಲಿ, ಮುಚ್ಚಳ ಭದ್ರವಾಗಿರುವ ತಗಡಿನ ಡಬ್ಬದಲ್ಲಿ ಇಡಿ. ಹೆಚ್ಚಿದ್ದರೆ ಉಗ್ರಾಣದಲ್ಲಿಟ್ಟು ರಸೀದಿ ಪಡೆಯಿರಿ. ಎರಡೂ ಆಗದಿದ್ದರೆ ಮಾರಿಬಿಡಿ. ಇಲಿ ತಿಂದು ಉಳಿದ ಕಾಳಿಗೆ ಆಷಾಢದ ಧಾರಣೆ ಸಿಕ್ಕರೂ ಲೆಕ್ಕ ಕೂಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ತಗಡಿನ ಡಬ್ಬಕ್ಕೆ ಹಾಕುವ ಮುನ್ನ ಕಾಳು ಹಲ್ಲಿಗಿಟ್ಟರೆ ಕಟ್ ಎನ್ನುವಷ್ಟು ಒಣಗಿರಬೇಕು, ಇಲ್ಲವಾದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಚೀಲದಲ್ಲೇ ಇಡುವುದಾದರೆ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರ ಇಡಿ. ಆ ಸಂದಿನಲ್ಲಿ ನೀವು ನಡೆದಾಡುವಂತಿದ್ದರೆ ಇಲಿ ಅಲ್ಲಿ ಸಂಸಾರ ಹೂಡುವುದಿಲ್ಲ. ಬೂದಿ, ಬೇವಿನ ಸೊಪ್ಪು ಹುಳಕ್ಕೆ ಒಳ್ಳೆಯದು, ಇಲಿ ಅದಕ್ಕೆ ಅಂಜುವುದಿಲ್ಲ. ಜಹೀರಾಬಾದ್ ಹತ್ತಿರದ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು ಇದೇ ಬೂದಿ ಬೇವು ಬೆರೆಸಿ ಬುಟ್ಟಿಗಳಲ್ಲಿ ನವಣೆ, ಸಾವೆ, ಜೋಳದ ಬೀಜ ಕಾಪಾಡಿಕೊಂಡು ಬಂದಿದ್ದಾರೆ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಆ ಸಂಸ್ಥೆಗೆ ಬಂತು. ಆದರೆ ಆ ಬುಟ್ಟಿಗಳಿರುವುದು ಅವರು ಉಂಡು ಮಲಗುವ ಮನೆಯಲ್ಲಿ, ಕಣ್ಣೆದುರಿಗೆ.

ಧಾನ್ಯ ಹೊರಗೆ ಹೋದ ಮೇಲೆ ಬಿಲ ಮುಚ್ಚುವ ಕೆಲಸ. ಸೀಸದ ಕಡ್ಡಿ, ಅಂದರೆ ಪೆನ್ಸಿಲ್ ತೂರುವ ಸಂದಿದ್ದರೆ ಚಿಟ್ಟಿಲಿ ಒಳಗೆ ಬಂದೀತು. ಬರೀ ಮಣ್ಣು ಮೆತ್ತಿದರೆ ಒಂದೇ ರಾತ್ರಿಯಲ್ಲಿ ತೋಡುತ್ತದೆ. ಒಡೆದ ಗಾಜಿನ ಚೂರು ತುಂಬಿ ಮೇಲೆ ಸಿಮೆಂಟು ಗಾರೆ ಹಾಕಿ. ಬಾಗಿಲ ಅಡಿಗೆ ತಗಡಿನ ಪಟ್ಟಿ ಹೊಡೆಯಿರಿ, ಮೋರಿಯ ಬಾಯಿಗೆ ತಂತಿ ಜಾಳಿಗೆ ಇರಲಿ. ಕಣಿಕೆಯ ಬಣವೆ, ತೊಗರಿ ಕಟ್ಟಿಗೆಯ ರಾಶಿ ಗೋಡೆಗೆ ತಾಗಿಕೊಂಡಿರಬಾರದು. ಇಷ್ಟಾದ ಮೇಲೂ ಒಳಗುಳಿದವಕ್ಕೆ ಬೋನು. ಸ್ಪ್ರಿಂಗ್ ಬೋನನ್ನು ಗೋಡೆಗುಂಟ, ತಿನಿಸಿನ ಬದಿ ಗೋಡೆಗೆ ತಾಗುವಂತೆ ಅಡ್ಡಲಾಗಿ ಇಡಿ. ಹುರಿದ ಶೇಂಗಾ ಒಳ್ಳೆಯ ತಿನಿಸು, ಒಣ ಮೀನೂ ಆದೀತು. ದೊಡ್ಡ ಇಲಿ ಹೊಸ ವಸ್ತುವಿಗೆ ಅಂಜುತ್ತದೆ, ಅದಕ್ಕೆ ಎರಡು ಮೂರು ರಾತ್ರಿ ಬೋನು ಕಟ್ಟದೆ ಬರೀ ತಿನಿಸಿಟ್ಟು ರೂಢಿ ಮಾಡಿಸಬೇಕು. ಚಿಟ್ಟಿಲಿಗೆ ಅಂಜಿಕೆ ಕಡಿಮೆ, ಆದರೆ ಹೆಚ್ಚು ದೂರ ಓಡಾಡುವುದಿಲ್ಲ, ಆದ್ದರಿಂದ ಬೋನುಗಳನ್ನು ಆರೇಳು ಅಡಿಗೊಂದರಂತೆ ಇಡಿ.

ಉದ್ದ ಮೂತಿಯ, ನಾರುವ ಸೊಂಡಿಲಿ ಸಿಕ್ಕರೆ ಬಿಟ್ಟುಬಿಡಿ. ಅದು ನಿಜವಾಗಿ ಇಲಿಯ ಜಾತಿಯದಲ್ಲ, ಜಿರಲೆ ಹುಳ ತಿನ್ನುತ್ತದೆ. ಕೇರೆ ಹಾವನ್ನೂ ಕೊಲ್ಲಬೇಡಿ.

ಈಗ ವಿಷದ ಮಾತು. ಟ್ಯೂಬಿನಲ್ಲಿ ಹಲ್ಲುಜ್ಜುವ ಪೇಸ್ಟಿನಂತೆ ಬರುವ ಇಲಿ ಪೇಸ್ಟಿನಲ್ಲಿ ಹಳದಿ ರಂಜಕವಿರುತ್ತದೆ. ಇದು ಮನೆಯೊಳಗೆ ಬರಲೇಬಾರದು. ಮಗು ಬಾಯಿಗಿಟ್ಟರೆ, ಅಥವಾ ಸಾಲದ ಬಾಧೆಯಲ್ಲೋ ಮನೆಯ ಜಗಳದಲ್ಲೋ ಒಬ್ಬರು ಆ ಕ್ಷಣದ ಸಿಟ್ಟಿಗೆ ನುಂಗಿದರೆ, ಮೊದಲ ದಿನ ವಾಂತಿಯಾಗಿ ಆಮೇಲೆ ಒಂದೆರಡು ದಿನ ಏನೂ ಆಗಿಲ್ಲವೆಂಬಂತೆ ಇರುತ್ತಾರೆ. ಮನೆಯವರು, "ಪಾರಾದ" ಎಂದು ದೇವರಿಗೆ ವಂದನೆ ಸಲ್ಲಿಸುವ ಹೊತ್ತಿಗೆ ಪಿತ್ತಜನಕಾಂಗ ಸೋಲುತ್ತದೆ. ಇದಕ್ಕೆ ಪ್ರತ್ಯೌಷಧವಿಲ್ಲ. ಹಾಲು, ತುಪ್ಪ, ಎಣ್ಣೆ ಕುಡಿಸಬೇಡಿ, ಜಿಡ್ಡಿನಿಂದ ವಿಷ ಇನ್ನಷ್ಟು ಬೇಗ ಮೈಗೆ ಏರುತ್ತದೆ. ತಡಮಾಡದೆ 108ಕ್ಕೆ ಕರೆ ಮಾಡಿ, ಟ್ಯೂಬನ್ನೂ ಜೊತೆಗೆ ಒಯ್ಯಿರಿ. ರೋಗಿ ಚೆನ್ನಾಗಿ ಕಂಡರೂ ಆಸ್ಪತ್ರೆ ಬಿಡಿಸಿಕೊಂಡು ಬರಬೇಡಿ. ಮನಸ್ಸು ಕುಗ್ಗಿದವರಿಗೆ ಟೆಲಿ ಮಾನಸ್‌ನ 14416 ಸಂಖ್ಯೆ ಇದೆ, ಕರೆಗೆ ಹಣವಿಲ್ಲ. ಆ ಗಳಿಗೆಯಲ್ಲಿ ಕೈಗೆ ಟ್ಯೂಬು ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ ಎಂಬುದೇ ನಾನು ಇದನ್ನು ಬರೆಯಲು ಮುಖ್ಯ ಕಾರಣ.

ಜಿಂಕ್ ಫಾಸ್ಫೈಡ್ ಕಪ್ಪು ಪುಡಿಯೂ ಹೊಲದ ಬಿಲಕ್ಕೆ ಸರಿ, ಮನೆಗಲ್ಲ. ಹೊಟ್ಟೆಯ ಆಮ್ಲ ತಾಗಿದರೆ ಅದು ವಿಷದ ಗಾಳಿಯಾಗುತ್ತದೆ. ಯಾವ ದಾರಿಯೂ ಕಾಣದಿದ್ದರೆ ಬ್ರೊಮಾಡಿಯೊಲೋನ್ ಬಿಲ್ಲೆಯನ್ನು ಮಕ್ಕಳ, ಕೋಳಿಗಳ ಕೈಬಾಯಿಗೆ ಸಿಗದ ಮುಚ್ಚಿದ ಡಬ್ಬಿಯಲ್ಲಿಡಬಹುದು. ಅದಕ್ಕೆ ಕೆ ಜೀವಸತ್ವದ ಚಿಕಿತ್ಸೆಯಾದರೂ ಇದೆ. ಆದರೆ ವಿಷ ತಿಂದ ಇಲಿ ದಪ್ಪ ಗೋಡೆಯೊಳಗೆ ಸತ್ತು ನಾರಿದರೆ ತೆಗೆಯುವುದು ಹೇಗೆ? ಅದನ್ನು ತಿಂದ ಬೆಕ್ಕಿಗೂ ಅಪಾಯ.

ಪೆರು ದೇಶದ ಲಿಮಾದಲ್ಲಿದ್ದ ಸಂತ ಮಾರ್ಟಿನ್ ದೆ ಪೋರಸ್ ನಿಮಗೆ ಗೊತ್ತು, 1962ರಲ್ಲಿ ಸಂತರೆಂದು ಘೋಷಿಸಲ್ಪಟ್ಟವರು. ಮಠದ ಬಟ್ಟೆ ಕಡಿಯುತ್ತಿದ್ದ ಇಲಿಗಳಿಗೆ ವಿಷವಿಡುವ ಬದಲು, ತೋಟದ ಮೂಲೆಗೆ ಹೋಗಿರಿ, ಅಲ್ಲೇ ದಿನಾ ಊಟ ಕೊಡುತ್ತೇನೆ ಎಂದರಂತೆ, ಅವು ಹೋದವಂತೆ. ನಮ್ಮ ಮಾತನ್ನು ಇಲಿಗಳು ಕೇಳಲಾರವು. ಆದರೂ ಅವರು ಮಾಡಿದ್ದು ಊಟದ ಜಾಗ ಬದಲಿಸುವುದನ್ನೇ ಅಲ್ಲವೇ?

ಬೀಗ ತೆಗೆಯುವ ದಿನದ ಬಗ್ಗೆ ಒಂದೆರಡು ಎಚ್ಚರಿಕೆ. ಬಾಗಿಲು ಕಿಟಕಿ ತೆಗೆದು ಅರ್ಧ ತಾಸು ಗಾಳಿಯಾಡಲು ಬಿಡಿ. ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಿದರೆ ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ನೆನೆದ ಮೇಲೆ ತೆಗೆಯಿರಿ. ಬಾಯಿಗೆ ಬಟ್ಟೆ, ಕೈಗೆ ಪ್ಲಾಸ್ಟಿಕ್ ಚೀಲ ಇರಲಿ. ಕಾಲಲ್ಲಿ ಗಾಯವಿದ್ದವರು ಬರಿಗಾಲಲ್ಲಿ ಆ ಒದ್ದೆಯಲ್ಲಿ ನಿಲ್ಲಬಾರದು, ಇಲಿಯ ಉಚ್ಚೆಯಿಂದ ಇಲಿ ಜ್ವರ ಅಂಟುತ್ತದೆ. ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ, "ಇಲಿ ಇದ್ದ ಮನೆ ತೊಳೆದಿದ್ದೆ" ಎಂದು ಬಾಯಿಬಿಟ್ಟು ಹೇಳಿ. ಬೇಗ ಗೊತ್ತಾದರೆ ಸಾಧಾರಣ ಮಾತ್ರೆಗಳಿಂದಲೇ ಗುಣವಾಗುವ ಕಾಯಿಲೆ ಅದು. ಯಾರೂ ವಿಷವಿಡದೆ ಒಂದೇ ಕಡೆ ಹತ್ತಾರು ಇಲಿ ತಾವಾಗಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಗುಡಿಸಬೇಡಿ. ಬಾಗಿಲು ಎಳೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ.