ಮನೆಯ ರೂಟರ್‌ಗೂ ಬೀಗ ಬೇಕು, ಗಡಿಯಾರ ಬೇಕು

ಟಿ.ವಿ.ಯ ಹಿಂದೆಯೋ ಬಾಗಿಲ ಮೇಲೆಯೋ ಮಿನುಗುತ್ತ ಕುಳಿತಿರುವ ರೂಟರನ್ನು ಯಾರೂ ಗಮನಿಸುವುದಿಲ್ಲ. ಅಂತರ್ಜಾಲ ಸಂಪರ್ಕ ನಿಂತಾಗ ಒಮ್ಮೆ ಆರಿಸಿ ಮತ್ತೆ ಹಚ್ಚುವುದಷ್ಟೇ ನಮಗೂ ಅದಕ್ಕೂ ಇರುವ ಸಂಬಂಧ. ಆದರೆ ಅದೂ ಒಂದು ಪುಟ್ಟ ಕಂಪ್ಯೂಟರ್. ಬ್ಯಾಂಕ್ ವ್ಯವಹಾರ, ಮಕ್ಕಳ ಪಾಠ, ಕಚೇರಿಯ ಕೆಲಸ ಎಲ್ಲವೂ ಅದರ ಮೂಲಕವೇ ಸಾಗುತ್ತವೆ. ಅದರಲ್ಲಿರುವ ಎರಡು ಆಯ್ಕೆಗಳು, ಅಂದರೆ ದೂರನಿರ್ವಹಣೆ ಮತ್ತು ಗಡಿಯಾರ, ಮೇಲ್ನೋಟಕ್ಕೆ ಕ್ಷುಲ್ಲಕ, ಪರಿಣಾಮದಲ್ಲಿ ಅಲ್ಲ.

ದೂರನಿರ್ವಹಣೆಯೆಂದರೆ ಮನೆಯ ಹೊರಗಿನಿಂದ ರೂಟರನ್ನು ನಿಯಂತ್ರಿಸುವ ಸೌಲಭ್ಯ. ವಿದೇಶದಲ್ಲಿರುವ ಮಗನಿಗೆ ಊರಿನಲ್ಲಿರುವ ತಂದೆತಾಯಿಯ ರೂಟರನ್ನು ಸರಿಪಡಿಸಲು ಅದು ಉಪಯುಕ್ತವೇ. ಆದರೆ ತಯಾರಿಕೆಯ ವೇಳೆ ಕೊಟ್ಟ ಪಾಸ್‌ವರ್ಡ್ ಬದಲಾಗದಿದ್ದರೆ ಮಗನಿಗೆ ತೆರೆಯುವ ಬಾಗಿಲು ಕಳ್ಳನಿಗೂ ತೆರೆಯುತ್ತದೆ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಇಂಥ ಅರವತ್ತರಷ್ಟು ಪಾಸ್‌ವರ್ಡ್‌ಗಳ ಪಟ್ಟಿಯೊಂದನ್ನೇ ಹಿಡಿದು ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳ ದಾಳಿಗೆ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವೆಡೆ ಸ್ತಬ್ಧವಾದವು. ಮುಂದಿನ ತಿಂಗಳು ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕಕ್ಕೆ ಧಕ್ಕೆಯಾಯಿತು. ಅಲ್ಲಿ ದಾಳಿಕೋರರು ತಟ್ಟಿದ್ದು ಗ್ರಾಹಕ ತೆರೆದಿಟ್ಟ ಬಾಗಿಲನ್ನಲ್ಲ, ಕಂಪೆನಿಗಳು ರೂಟರ್ ನಿರ್ವಹಣೆಗಾಗಿ ಬಳಸುವ ದಾರಿಯನ್ನು.

ಇನ್ನು ಗಡಿಯಾರ. ಮನೆಬಳಕೆಯ ಅನೇಕ ರೂಟರ್‌ಗಳಲ್ಲಿ ಸಮಯ ಕಾಯುವ ಬ್ಯಾಟರಿ ಇರುವುದಿಲ್ಲ. ವಿದ್ಯುತ್ ಹೋಗಿ ಬಂದರೆ ಅವುಗಳ ಪಾಲಿಗೆ ಮತ್ತೆ 1970ರ ಜನವರಿ 1. ಅಂತರ್ಜಾಲದ ಸಮಯ ಸರ್ವರ್ ಜತೆ ಹೊಂದಿಸಿಕೊಂಡ ಮೇಲೆಯೇ ನಿಜವಾದ ಹೊತ್ತು ತಿಳಿಯುತ್ತದೆ. ಭಾರತೀಯ ಕಾಲವಲಯವನ್ನು ಆಯ್ಕೆ ಮಾಡದಿದ್ದರೆ ಆಗಲೂ ಐದೂವರೆ ಗಂಟೆ ತಪ್ಪು. ರಾತ್ರಿ ಹತ್ತಕ್ಕೆ ಮಕ್ಕಳ ಸಂಪರ್ಕ ನಿಲ್ಲಿಸುವ ಏರ್ಪಾಡು ಆಗ ಬೆಳಗಿನ ಜಾವ ಮೂರೂವರೆಗೆ ಜಾರಿಯಾಗುತ್ತದೆ. ಇದಕ್ಕಿಂತ ಗಂಭೀರ ಸಂಗತಿ ದಾಖಲೆಯದು. ಇಂದು ಒಂದೇ ಅಂತರ್ಜಾಲ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವುದುಂಟು. ಅಪರಾಧವೊಂದು ನಡೆದಾಗ ಅದು ಯಾರ ಮನೆಯಿಂದ ಎಂಬುದನ್ನು ನಿರ್ಧರಿಸುವಲ್ಲಿ ನಿಖರ ಸಮಯದ ಪಾತ್ರ ದೊಡ್ಡದು. ಪೊಲೀಸರು ಬಾಗಿಲು ತಟ್ಟಿದ ದಿನ, 1970ರ ದಿನಾಂಕ ಹೊತ್ತ ರೂಟರ್ ದಾಖಲೆ ನಿರಪರಾಧಿಯ ನೆರವಿಗೆ ಬಾರದು.

ಈ ಮಹತ್ವವನ್ನು ಸರ್ಕಾರ ಅರಿಯದೆ ಇಲ್ಲ. 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸಿಇಆರ್‌ಟಿ-ಇನ್ ಸಂಸ್ಥೆಯು ಸೇವಾದಾತರು ಹಾಗೂ ಕಂಪೆನಿಗಳು ತಮ್ಮ ಗಡಿಯಾರಗಳನ್ನು ಅಧಿಕೃತ ಸಮಯ ಸರ್ವರ್‌ಗಳೊಂದಿಗೆ ಹೊಂದಿಸಬೇಕು, 180 ದಿನಗಳ ದಾಖಲೆ ಇಡಬೇಕು ಎಂದು ವಿಧಿಸಿತು. ಮನೆಯ ರೂಟರ್ ಮಾತ್ರ ಆ ಶಿಸ್ತಿನ ಹೊರಗೇ ಉಳಿಯಿತು.

ಗ್ರಾಹಕರೇ ಕಲಿತುಕೊಳ್ಳಲಿ ಎಂಬ ವಾದವುಂಟು. ಪಾಸ್‌ವರ್ಡ್ ಬದಲಿಸಿ, ಬೇಡವಾದ ದೂರನಿರ್ವಹಣೆಯನ್ನು ನಿಲ್ಲಿಸಿ, ಕಾಲವಲಯ ಸರಿಪಡಿಸಲು ಅರ್ಧ ಗಂಟೆ ಸಾಕು. ಬಲ್ಲವರು ಇಂದೇ ಮಾಡಲಿ. ಆದರೆ ಎಪ್ಪತ್ತರ ಹರೆಯದ ನಿವೃತ್ತ ಶಿಕ್ಷಕಿಯಿಂದ ಇದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲ ಉಪಕರಣಗಳಿಗೂ ಒಂದೇ ಪಾಸ್‌ವರ್ಡ್ ಕೊಡುವುದನ್ನು ಕಾನೂನಿನಿಂದಲೇ ನಿಷೇಧಿಸಿದೆ. ನಮ್ಮಲ್ಲಿಯೂ ಸಂಪರ್ಕ ಕೊಡಲು ಬರುವ ತಂತ್ರಜ್ಞ ಈ ಮೂರು ಕೆಲಸ ಮುಗಿಸಿ, ಕನ್ನಡದಲ್ಲಿ ಒಂದು ಪುಟದ ವಿವರಣೆ ಕೊಟ್ಟೇ ತೆರಳಬೇಕೆಂಬ ನಿಯಮ ಬರಲಿ. ಕಂಪೆನಿಗಳಿಗೆ ಇದು ಭಾರಿ ವೆಚ್ಚದ ಬಾಬತ್ತಲ್ಲ. ತಿಂಗಳ ಬಾಡಿಗೆ ತಪ್ಪದೆ ವಸೂಲು ಮಾಡುವವರಿಗೆ ಇಷ್ಟು ಹೊಣೆ ಹೊರೆಯಾಗಲಾರದು.