ಟವರಿಗೆ ಬೈದರೆ ನಿದ್ದೆ ಬಂದೀತೆ?

ಮೊಬೈಲ್ ಟವರಿನ ಬಗ್ಗೆ ಬರೆಯುವ ನಮ್ಮ ಲೇಖಕರಿಗೆ ‘ವಿಕಿರಣ’ ಎಂಬ ಒಂದು ಪದ ಸಿಕ್ಕರೆ ಸಾಕು, ಪುರಾವೆ ಬೇಕಿಲ್ಲ. ಹಿರೋಷಿಮಾಕ್ಕೂ ಚೆರ್ನೋಬಿಲ್‌ಗೂ ಬಳಸಿದ ಅದೇ ಪದವನ್ನು ಜೇಬಿನ ಫೋನಿಗೂ ಅಂಟಿಸುತ್ತಾರೆ. ಆಮೇಲೆ ತಲೆನೋವು, ನಿದ್ದೆಗೇಡು, ಖಿನ್ನತೆ, ಕಾಣೆಯಾದ ಗುಬ್ಬಚ್ಚಿ ಎಲ್ಲವೂ ಟವರಿನ ಲೆಕ್ಕಕ್ಕೆ.

ಪರಮಾಣು ವಿಕಿರಣ ಜೀವಕೋಶದ ಅಣುಗಳನ್ನೇ ಒಡೆಯಬಲ್ಲದು. ಫೋನಿನ ರೇಡಿಯೋ ತರಂಗಕ್ಕೆ ಆ ಕಸುವಿಲ್ಲ. ಅದರ ಒಂದು ಕಣದ ಶಕ್ತಿ ದೀಪದ ಬೆಳಕಿನ ಕಣದ ಶಕ್ತಿಗಿಂತ ಲಕ್ಷಾಂತರ ಪಾಲು ಕಡಿಮೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಶುರುಮಾಡಿದ್ದೂ ರೇಡಿಯೋ ತರಂಗಗಳಿಂದಲೇ. ಅದನ್ನು ಆಕಾಶವಾಣಿ ಎಂದು ಕರೆದು ಕಿವಿಗೊಟ್ಟೆವು. (ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು ಎಂಬುದು ಸೊಗಸಾದ ಕಾಕತಾಳೀಯ.)

ಕಂಪನಿಗಳ ಪರ ವಕಾಲತ್ತು ನನ್ನದಲ್ಲ. 2011ರಲ್ಲಿ ನೋರಾ ವೋಲ್ಕೋವ್ ಮತ್ತು ಸಂಗಡಿಗರು 47 ಜನರ ಕಿವಿಯ ಬಳಿ 50 ನಿಮಿಷ ಸದ್ದಡಗಿಸಿದ ಫೋನಿಟ್ಟು ನೋಡಿದರು. ಆಂಟೆನಾಕ್ಕೆ ಹತ್ತಿರದ ಮಿದುಳಿನ ಭಾಗದಲ್ಲಿ ಗ್ಲೂಕೋಸ್ ಬಳಕೆ ಶೇ. 7ರಷ್ಟು ಹೆಚ್ಚಿತ್ತು. ಅದು ಕೇಡೇ ಎಂದು ಅವರು ಹೇಳಲಿಲ್ಲ, ನಮ್ಮವರು ಹೇಳಿಬಿಟ್ಟರು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಈ ತರಂಗಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯಿರುವ’ 2ಬಿ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಈಗ ಲೋಳೆಸರದ ಇಡೀ ಎಲೆಯ ಸಾರವೂ ಇದೆ. ಲೋಳೆಸರದ ವಿರುದ್ಧ ಯಾರೂ ಕವನ ಬರೆದದ್ದು ಕಾಣೆ.

ಮನಸ್ಸಿನ ಮಾತಿಗೆ ಬರೋಣ. ತರಂಗ ತಾಕಿದರೆ ಸಂಕಟವಾಗುತ್ತದೆ ಎನ್ನುವವರ ಮೇಲೆ ನಡೆದ 31 ಪ್ರಯೋಗಗಳನ್ನು ಜೇಮ್ಸ್ ರೂಬಿನ್ ಮತ್ತಿತರರು 2005ರಲ್ಲಿ ಪರಿಶೀಲಿಸಿದರು. ಯಂತ್ರ ಚಾಲೂ ಇದೆಯೋ ಇಲ್ಲವೋ ಎಂದು ಆ ಜನ ಗುರುತಿಸಬಲ್ಲರು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. 2013ರ ಇನ್ನೊಂದು ಅಧ್ಯಯನದಲ್ಲಿ ಕೆಲವರಿಗೆ ವೈಫೈ ಅಪಾಯದ ಟಿವಿ ವರದಿ ತೋರಿಸಿ, ಬಳಿಕ ಸುಳ್ಳು ವೈಫೈ ಎದುರು ಕೂರಿಸಿದರು. ತರಂಗವೇ ಇರಲಿಲ್ಲ. ಆದರೂ ಅನೇಕರಿಗೆ ತೊಂದರೆ ಕಾಣಿಸಿತು. ವರದಿ ನೋಡಿದ ಆತಂಕದ ಸ್ವಭಾವದವರಿಗೆ ಹೆಚ್ಚು. ಅವರ ನೋವು ನಟನೆಯಲ್ಲ. ಅದನ್ನು ಹಚ್ಚಿದ್ದು ಟವರಲ್ಲ, ವರದಿ. ಹಾಗಿದ್ದರೆ ನಮ್ಮ ಪತ್ರಿಕೆಗಳ ಬೆದರಿಕೆಯ ಲೇಖನಗಳನ್ನು ಯಾವ ಪಟ್ಟಿಗೆ ಸೇರಿಸಬೇಕು?

ಭಯ ಇದ್ದಲ್ಲಿ ಅಂಗಡಿ ತೆರೆಯುತ್ತದೆ. 2020ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಸಗಣಿಯ ಚಿಪ್ ಹಿಡಿದು, ಫೋನಿಗೆ ಇದನ್ನಿಟ್ಟರೆ ವಿಕಿರಣ ತಗ್ಗುತ್ತದೆ ಎಂದರು. ನಾವು ನಕ್ಕೆವು. ಆ ಚಿಪ್‌ಗೆ ಗಿರಾಕಿಗಳನ್ನು ತಯಾರುಮಾಡಿದ್ದರಲ್ಲಿ ನಮ್ಮ ಪಾಲೂ ಇತ್ತು.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. 2012ರಲ್ಲಿ ಭಾರತದ ಟವರುಗಳಿಗೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಷ್ಟೇ ಮಿತಿ ಹಾಕಿದರು. ಈಗಿರುವ ಮಿತಿ ಎಷ್ಟೇ ಇರಲಿ, ಅದು ಪಾಲನೆಯಾಗುತ್ತಿದೆಯೇ, ಅಳೆದು ಊರಿಗೆ ತೋರಿಸಿ ಎಂದು ಕೇಳಿ. ಬೇಡವೆಂದವರಾರು?

ಆದರೆ ನಮ್ಮ ಹಾಸ್ಟೆಲಿನ ಹುಡುಗನ ಕಥೆ ಅಳತೆಗೆ ಸಿಗುವುದಿಲ್ಲ. ಅವನು ನಿದ್ದೆ ಬರುತ್ತಿಲ್ಲವೆಂದು ರೂಟರನ್ನು ದೂರ ಸರಿಸಿದ್ದಾನೆ. ಫೆಲೋಶಿಪ್ ಬಂದು ಏಳು ತಿಂಗಳಾಗಿದೆ. ರಾತ್ರಿ ಒಂದಕ್ಕೆ ಗೈಡ್ ಮೆಸೇಜ್ ಬಂತೇ ಎಂದು ಫೋನ್ ನೋಡುತ್ತಾನೆ, ಮನೆಯಿಂದ ಸಾಲದ ಕಂತಿನ ಮೆಸೇಜ್ ಬಂದಿರುತ್ತದೆ. ವೈದ್ಯರ ಬಳಿ ಹೋಗೋಣ ಎಂದರೆ, ಟವರ್ ಬಗ್ಗೆ ಯಾರೋ ಕಳಿಸಿದ ಲೇಖನವನ್ನು ನನಗೇ ಫಾರ್ವರ್ಡ್ ಮಾಡುತ್ತಾನೆ.