ಪಟ್ಟಿ ಉದ್ದ, ಮಗುವಿನ ಕಾಲು ಗಿಡ್ಡ

‘ಅಮ್ಮ, ಈ ಸಲ ನೀನು ಬಂದಾಗ ಎಲ್ಲಾ ತೋರಿಸಿಬಿಡ್ತೀವಿ’ ಅಂತ ದೂರದಲ್ಲಿರುವ ಮಗಳು ಫೋನಿನಲ್ಲಿ ಹೇಳಿದರೆ ಹಿಗ್ಗದ ತಾಯಿ ಯಾರಿದ್ದಾರೆ ಹೇಳಿ? ನಾನೂ ಹಿಗ್ಗಿದೆ. ಮಗಳ ಮನೆ ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದ ಪಕ್ಕ. ನಾನು ಹೋಗಿ ಇಳಿಯುವಷ್ಟರಲ್ಲಿ ಅಳಿಯಂದಿರು ಪ್ರವಾಸದ ಪಟ್ಟಿ ತಯಾರು ಮಾಡಿಟ್ಟಿದ್ದರು. ನಾಲ್ಕೇ ದಿನ, ಏಳು ಜಾಗ! ಗ್ರ್ಯಾಂಡ್ ಕ್ಯಾನ್ಯನ್, ಮಾನ್ಯುಮೆಂಟ್ ವ್ಯಾಲಿ, ಆಂಟಿಲೋಪ್ ಕ್ಯಾನ್ಯನ್, ಬ್ರೈಸ್, ಜಯಾನ್, ಲಾಸ್ ವೇಗಸ್, ಹೂವರ್ ಅಣೆಕಟ್ಟು. ಅದೂ ಜೂನ್ ತಿಂಗಳಲ್ಲಿ. ಜತೆಗೆ ಆರು ವರ್ಷದ ಮೊಮ್ಮಗ, ಮೂರು ವರ್ಷದ ಮೊಮ್ಮಗಳು.

‘ಮಕ್ಕಳಿಗೆ ಆಗುತ್ತಾ?’ ಅಂದೆ.

‘ಕಾರಿನಲ್ಲಿ ಮಲಗ್ತಾರೆ ಅತ್ತೆ, ಏನೂ ಆಗಲ್ಲ’ ಅಂದರು ಅಳಿಯಂದಿರು.

ನಾನೂ ಸುಮ್ಮನಾದೆ. ಅಷ್ಟು ದೂರದಿಂದ ಬಂದಿದ್ದೀನಿ, ಎಲ್ಲವನ್ನೂ ನೋಡಿಬಿಡೋಣ ಅನ್ನುವ ಆಸೆ ನನಗೂ ಇತ್ತಲ್ಲ!

ಎರಡನೇ ದಿನ ಮಧ್ಯಾಹ್ನ ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳ ನಡುವೆ ಇದ್ದೆವು. 27 ಕಿಲೋಮೀಟರ್ ಮಣ್ಣು ರಸ್ತೆ, ಕಾರು ನಿಲ್ಲಿಸಿದಲ್ಲೆಲ್ಲ ಮಗುವನ್ನು ಎಬ್ಬಿಸಿ ಫೋಟೊ. ಮೊದಮೊದಲು ಅವಳು ಹಟ ಮಾಡಿ ಅಳುತ್ತಿದ್ದಳು. ಆಮೇಲೆ ಅಳುವುದನ್ನೂ ನಿಲ್ಲಿಸಿದಳು. ‘ಪಾಪ, ಹೊಂದಿಕೊಂಡಳು’ ಅಂದುಕೊಂಡೆವು. ಮಗಳು ಡಯಾಪರ್ ಬದಲಿಸಲು ಹೋದಾಗ ಬೆಳಗ್ಗೆ ಹಾಕಿದ್ದು ಹಾಗೇ ಒಣಗಿಕೊಂಡೇ ಇತ್ತು. ತುಟಿ ಒಣಗಿ ಬಿರಿದಿತ್ತು, ಕರೆದರೆ ಕಣ್ಣು ಅರ್ಧ ಬಿಡುತ್ತಿದ್ದಳು ಅಷ್ಟೇ. ಮೊಬೈಲ್‌ಗೆ ಸಿಗ್ನಲ್ ಇಲ್ಲ. ಹತ್ತಿರದ ಆಸ್ಪತ್ರೆಗೆ ಮುಕ್ಕಾಲು ಗಂಟೆ ದಾರಿ. ಆ ಮುಕ್ಕಾಲು ಗಂಟೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ದೇವರ ದಯೆ, ಸಂಜೆ ಹೊತ್ತಿಗೆ ಮಗು ಚೇತರಿಸಿಕೊಂಡಿತು. ದೇಹದ ನೀರಿನಂಶ ಆರಿಹೋಗಿತ್ತು ಅಂದರು ವೈದ್ಯರು. ಪ್ರವಾಸ ಅಲ್ಲಿಗೇ ಮುಗಿಯಿತು.

ಅವತ್ತಿನಿಂದ ನನ್ನದು ಒಂದೇ ಮಾತು. ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಮರುಭೂಮಿಗೆ ಹೊರಡುವವರು ವೇಳಾಪಟ್ಟಿ ಬರೆಯಬೇಕಾದ್ದು ಕಾರು ಓಡಿಸುವವರ ಉತ್ಸಾಹ ನೋಡಿ ಅಲ್ಲ, ಅಜ್ಜ-ಅಜ್ಜಿಯ ಆಸೆ ನೋಡಿಯೂ ಅಲ್ಲ. ಮನೆಯ ಎಲ್ಲರಿಗಿಂತ ಚಿಕ್ಕ ಮಗು ಎಷ್ಟು ಹೊತ್ತಿಗೆ ಉಣ್ಣುತ್ತೆ, ಎಷ್ಟು ಹೊತ್ತಿಗೆ ಮಲಗುತ್ತೆ ಅನ್ನೋದೇ ನಿಮ್ಮ ವೇಳಾಪಟ್ಟಿ. ಅದರೊಳಗೆ ಹಿಡಿಸದ ಜಾಗವನ್ನು ಧೈರ್ಯವಾಗಿ ಹೊಡೆದುಹಾಕಿ.

‘ಪಕ್ಕದಲ್ಲೇ’ ಅಂದರೆ ನಂಬಬೇಡಿ

ಅಮೆರಿಕದ ನೈರುತ್ಯ ಭಾಗದ ಈ ಮರುಭೂಮಿ ನಾಡಿನಲ್ಲಿ ನಕ್ಷೆಯ ಮೇಲಿನ ಒಂದು ಅಂಗುಲ ಅರ್ಧ ದಿನ ತಿನ್ನುತ್ತದೆ. ಫೀನಿಕ್ಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿಗೆ ಸುಮಾರು 370 ಕಿ.ಮೀ. ಲಾಸ್ ವೇಗಸ್‌ನಿಂದಾದರೆ ಸುಮಾರು 450. ಬೆಂಗಳೂರಿನಿಂದ ಮಂಗಳೂರಿಗೆ ಹೋದಂತೆ ಅನ್ನಿ. ಆದರೆ ನಮ್ಮ ದಾರಿಯಲ್ಲಿ ಹತ್ತು ಹೆಜ್ಜೆಗೊಂದು ಎಳನೀರು, ಹೋಟೆಲು ಸಿಗುತ್ತದೆ. ಅಲ್ಲಿ ಕೆಲವು ಕಡೆ ಗಂಟೆಗಟ್ಟಲೆ ಹೋದರೂ ಒಂದು ಅಂಗಡಿ, ಒಂದು ಶೌಚಾಲಯ ಕಾಣುವುದಿಲ್ಲ.

ಇನ್ನೊಂದು ಎಡವಟ್ಟು ಬಹಳ ಮಂದಿಗೆ ಆಗುತ್ತದೆ. ಫೋಟೊಗಳಲ್ಲಿ ಕಾಣುವ, 2007ರಲ್ಲಿ ತೆರೆದ ಗಾಜಿನ ಸೇತುವೆ ‘ಸ್ಕೈವಾಕ್’ ಇರೋದು ರಾಷ್ಟ್ರೀಯ ಉದ್ಯಾನದೊಳಗಲ್ಲ. ಅದು ಹುವಾಲಪೈ ಬುಡಕಟ್ಟಿನವರ ನೆಲದಲ್ಲಿ, ‘ಗ್ರ್ಯಾಂಡ್ ಕ್ಯಾನ್ಯನ್ ವೆಸ್ಟ್’ ಅನ್ನುವ ಬೇರೆಯೇ ಜಾಗ. ಟಿಕೆಟ್ಟೂ ಬೇರೆ. ದಕ್ಷಿಣ ಅಂಚಿನಿಂದ ಅಲ್ಲಿಗೆ ನಾಲ್ಕು ಗಂಟೆಗೂ ಹೆಚ್ಚು ಪ್ರಯಾಣ. ‘ಹೇಗೂ ಬಂದಿದ್ದೀವಿ, ಅದನ್ನೂ ನೋಡ್ಕೊಂಡು ಹೋಗೋಣ’ ಅಂತ ಹೊರಟರೆ ಮಕ್ಕಳ ಗತಿ ಅಷ್ಟೇ! ಉತ್ತರ ಅಂಚಿನ ಹಳೆಯ ವಸತಿಗೃಹವಂತೂ 2025ರ ಜುಲೈನ ಕಾಳ್ಗಿಚ್ಚಿನಲ್ಲಿ ಸುಟ್ಟುಹೋಯಿತು. ಆ ಕಡೆಯ ಯೋಚನೆ ಇದ್ದರೆ ಏನೇನು ತೆರೆದಿದೆ ಅಂತ ಮೊದಲೇ ವಿಚಾರಿಸಿ.

ಗಡಿಯಾರವೂ ಇಲ್ಲಿ ಆಟ ಆಡಿಸುತ್ತದೆ. ಬೇಸಿಗೆಯಲ್ಲಿ ಅಮೆರಿಕದ ಬಹುತೇಕ ಕಡೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅರಿಜೋನಾದಲ್ಲಿ ತಿರುಗಿಸುವುದಿಲ್ಲ. ಆದರೆ ಅದೇ ರಾಜ್ಯದೊಳಗಿನ ನವಾಹೋ ಬುಡಕಟ್ಟಿನ ಪ್ರಾಂತ್ಯದಲ್ಲಿ ತಿರುಗಿಸುತ್ತಾರೆ! ಮಾನ್ಯುಮೆಂಟ್ ವ್ಯಾಲಿ ಇರುವುದು ಅಲ್ಲೇ. ಮಗುವಿನ ಊಟ, ನಿದ್ದೆ, ಮುಂಗಡ ಕಾಯ್ದಿರಿಸಿದ ಟಿಕೆಟ್ಟು ಎಲ್ಲ ಒಂದು ಗಂಟೆ ಏರುಪೇರು.

ಬೆವರು ಕಾಣಿಸದ ಬಿಸಿಲು

‘ನಾವು ಕಲಬುರ್ಗಿ ಬಿಸಿಲು ಕಂಡವರು, ಇದ್ಯಾವ ಲೆಕ್ಕ’ ಅನ್ನುವವರಿದ್ದಾರೆ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ತಾಪಮಾನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಲ್ಲಿನ ಗಾಳಿ ಎಷ್ಟು ಒಣ ಅಂದರೆ ಬಂದ ಬೆವರು ಬಂದಹಾಗೇ ಆರಿಹೋಗುತ್ತದೆ. ಮೈ ಒದ್ದೆ ಇಲ್ಲ, ಹಾಗಾಗಿ ‘ಸೆಖೆಯೇ ಇಲ್ಲವಲ್ಲ’ ಅನಿಸುತ್ತದೆ. ಒಳಗೊಳಗೇ ನೀರು ಖಾಲಿಯಾಗುತ್ತಿರುತ್ತದೆ. ದೊಡ್ಡವರಿಗಿಂತ ಮಕ್ಕಳ ಮೈ ಬೇಗ ಕಾಯುತ್ತದೆ. ನನಗೆ ಬಾಯಾರಿದೆ, ತಲೆ ಸುತ್ತುತ್ತಿದೆ ಅಂತ ಹೇಳಲು ಆ ಕೂಸಿಗೆ ಮಾತಾದರೂ ಎಲ್ಲಿಂದ ಬರಬೇಕು?

ಇಲ್ಲಿ ಒಂದು ಘಟನೆ ಹೇಳಲೇಬೇಕು. ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ವೈಟ್ ಸ್ಯಾಂಡ್ಸ್ ಅನ್ನುವ ಬಿಳಿ ಮರಳಿನ ದಿಬ್ಬಗಳಿವೆ. 2015ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಿಂದ ಬಂದಿದ್ದ ಗಂಡ ಹೆಂಡತಿ, 9 ವರ್ಷದ ಮಗನ ಜತೆ ಅಲ್ಲಿನ ಒಂದು ಕಾಲುದಾರಿಯಲ್ಲಿ ನಡೆಯಲು ಹೊರಟರು. ಕೈಯಲ್ಲಿದ್ದದ್ದು ಸಣ್ಣ ಎರಡು ಬಾಟಲಿ ನೀರು. ಬಿಸಿಲಿಗೆ ಸಿಕ್ಕಿ ಇಬ್ಬರೂ ತೀರಿಕೊಂಡರು. ಮಗ ಬದುಕಿದ. ತಾವು ಒಂದು ಗುಟುಕು ಕುಡಿದಾಗ ಅವನಿಗೆ ಎರಡು ಗುಟುಕು ಕೊಟ್ಟಿದ್ದರಂತೆ. ಅಲ್ಲಿನ ಪೊಲೀಸ್ ಅಧಿಕಾರಿ ಇದನ್ನು ಹೇಳಿದ್ದು ಓದಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಂತ ಆ ಜಾಗ ಕೆಟ್ಟದ್ದಾ? ಖಂಡಿತ ಅಲ್ಲ. ಅದು ಜಿಪ್ಸಮ್ ಮರಳು, ಮಾಮೂಲಿ ಮರಳಿನಷ್ಟು ಕಾಯುವುದಿಲ್ಲ. ತಂಪು ಹೊತ್ತಿನಲ್ಲಿ ಮಕ್ಕಳು ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತು ದಿಬ್ಬದಿಂದ ಸರ್ರಂತ ಜಾರುವುದನ್ನು ನೋಡಬೇಕು! ಬೆಳಗ್ಗೆ ಕಾರಿನ ಹತ್ತಿರವೇ ಆಡಿದರೆ ಅದು ಸ್ವರ್ಗ. ನಡುಮಧ್ಯಾಹ್ನ ದೂರ ನಡೆದರೆ ಅದೇ ಜಾಗ ಯಮ. ಅಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು ನಾಲ್ಕು ಲೀಟರ್ ನೀರು ಒಯ್ಯಿರಿ ಅಂತ ಉದ್ಯಾನದವರೇ ಹೇಳುತ್ತಾರೆ. ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲೂ ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಕಣಿವೆಯೊಳಗೆ ನಡೆಯಬೇಡಿ ಅನ್ನುವ ಎಚ್ಚರಿಕೆ ಇದೆ. ಅದೇನು ಅಲಂಕಾರಕ್ಕೆ ಹಾಕಿದ ಫಲಕವಲ್ಲ.

ಯಾವಾಗ ಹೋಗಬೇಕು?

ಅಕ್ಟೋಬರ್, ನವೆಂಬರ್, ಇಲ್ಲವೇ ಮಾರ್ಚ್, ಏಪ್ರಿಲ್ ಒಳ್ಳೆಯದು. ‘ಅಯ್ಯೋ, ಸ್ಕೂಲಿಗೆ ರಜೆ ಇರೋದೇ ಜೂನ್-ಜುಲೈನಲ್ಲಿ’ ಅನ್ನುತ್ತೀರಾ? ಹಾಗಿದ್ದರೆ ಎತ್ತರ ನೋಡಿ ಜಾಗ ಆರಿಸಿ. ಫೀನಿಕ್ಸ್ ಸಮುದ್ರ ಮಟ್ಟದಿಂದ 330 ಮೀಟರ್ ಎತ್ತರದಲ್ಲಿದ್ದರೆ, ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚು ಸುಮಾರು 2,100 ಮೀಟರ್. ನಮ್ಮ ಬೆಂಗಳೂರಿನ ಎರಡು ಪಟ್ಟಿಗೂ ಹೆಚ್ಚು! ಬೇಸಿಗೆಯಲ್ಲೂ ಬೆಳಗ್ಗೆ ಸ್ವೆಟರ್ ಬೇಕು, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಕೆಳಗೆ ಕಣಿವೆಯ ತಳದಲ್ಲಿ ಮಾತ್ರ ಕಾದ ಕಾವಲಿ.

ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಅಲ್ಲೂ ಒಂದು ಬಗೆಯ ಮಳೆಗಾಲ. ಆಂಟಿಲೋಪ್ ಕ್ಯಾನ್ಯನ್ನಿನಂಥ ಇಕ್ಕಟ್ಟು ಕಣಿವೆಗಳಿಗೆ ಎಲ್ಲೋ ದೂರದಲ್ಲಿ ಸುರಿದ ಮಳೆಯ ನೀರು ಹಠಾತ್ತನೆ ನುಗ್ಗುತ್ತದೆ. 1997ರ ಆಗಸ್ಟ್‌ನಲ್ಲಿ ಹೀಗೇ 11 ಪ್ರವಾಸಿಗರು ಸತ್ತರು. ಈಗ ಮಾರ್ಗದರ್ಶಿ ಇಲ್ಲದೆ ಅಲ್ಲಿಗೆ ಬಿಡುವುದಿಲ್ಲ. ಆದರೂ ನನ್ನನ್ನು ಕೇಳಿದರೆ, ಮಗು ಸ್ವಲ್ಪ ದೊಡ್ಡದಾಗುವವರೆಗೆ ಅದನ್ನು ಮುಂದಕ್ಕೆ ಹಾಕಿ.

ಮಕ್ಕಳಿಗೆ ಬೇಕಾದ್ದೇ ಬೇರೆ

ನಾವು ದೊಡ್ಡವರು ಕ್ಯಾನ್ಯನ್ನಿನ ಆಳ ನೋಡಿ ಬಾಯಿ ಬಿಡುತ್ತೇವೆ. ಮೂರು ವರ್ಷದ ಮಗುವಿಗೆ ಅದು ದೊಡ್ಡದೊಂದು ಗುಂಡಿ, ಅಷ್ಟೇ. ಅದಕ್ಕೆ ಬೇಕಾದ್ದು ಅಳಿಲು, ಕಲ್ಲು, ರೈಲು. ಎಲ್ಲವೂ ಅಲ್ಲಿವೆ! ವಿಲಿಯಮ್ಸ್ ಅನ್ನುವ ಊರಿನಿಂದ ಕ್ಯಾನ್ಯನ್ನಿನ ಅಂಚಿಗೇ ರೈಲು ಹೋಗುತ್ತದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಮಕ್ಕಳಿಗಾಗಿ ‘ಜೂನಿಯರ್ ರೇಂಜರ್’ ಕಾರ್ಯಕ್ರಮವಿದೆ. ಪುಸ್ತಕದಲ್ಲಿ ಚಿತ್ರ ಬರೆದು, ಪ್ರಶ್ನೆಗೆ ಉತ್ತರ ಹುಡುಕಿ ಕೊಟ್ಟರೆ ರೇಂಜರ್ ಎದುರು ಪ್ರಮಾಣವಚನ ಮಾಡಿಸಿ ಬ್ಯಾಜು ಕೊಡುತ್ತಾರೆ. ಅಂಚಿನುದ್ದಕ್ಕೂ ಇರುವ ಕಾಲುದಾರಿ ಬಹುಪಾಲು ಸಮತಟ್ಟು, ಉಚಿತ ಬಸ್ಸೂ ಓಡಾಡುತ್ತದೆ. ಆದರೆ ಎಲ್ಲ ಕಡೆ ಕಂಬಿ ಇಲ್ಲ. ಮಗುವಿನ ಕೈ ಬಿಡಲೇಬಾರದು. ಅಳಿಲುಗಳಿಗೆ ತಿಂಡಿ ಹಾಕಲೂಬೇಡಿ, ಕಚ್ಚುತ್ತವೆ.

ಕಲ್ಲು ಆರಿಸುವ ಮಕ್ಕಳಿದ್ದರೆ 20 ಕೋಟಿ ವರ್ಷಕ್ಕೂ ಹಿಂದಿನ ಮರಗಳು ಕಲ್ಲಾಗಿರುವ ಪೆಟ್ರಿಫೈಡ್ ಫಾರೆಸ್ಟ್ ನೋಡಬಹುದು. ಒಂದು ಚೂರನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಅದು ಅಪರಾಧ! ಅದೇ ಹೆದ್ದಾರಿಯಲ್ಲಿ ಮುಂದೆ, ವಿನ್ಸ್ಲೋ ಊರಿನ ಬಳಿ, ಸುಮಾರು 50 ಸಾವಿರ ವರ್ಷಗಳ ಹಿಂದೆ ಉಲ್ಕೆ ಬಿದ್ದು ಆದ ಹಳ್ಳವಿದೆ. ಇವೆರಡರಲ್ಲಿ ಒಂದನ್ನು ಆರಿಸಿ ಅಂತ ಮಗುವಿಗೇ ಹೇಳಿ.

ಅಮ್ಮನಿಗೆ ರಜೆ ಯಾವಾಗ?

ಪಟ್ಟಿ ಬರೆಯುವವರು ಒಬ್ಬರು, ಅದಕ್ಕೆ ಮೈ ಕೊಡುವವರು ಇನ್ನೊಬ್ಬರು. ನಮ್ಮ ಮನೆಗಳ ಪ್ರವಾಸಗಳೆಲ್ಲ ಹೀಗೇ ಅಲ್ಲವೇ? ಚೀಲ ತುಂಬುವವಳು, ಬುತ್ತಿ ಕಟ್ಟುವವಳು, ಕಾರಿನ ಹಿಂದಿನ ಸೀಟಿನಲ್ಲಿ ಮಗು ಸಮಾಧಾನ ಮಾಡುವವಳು, ಎಲ್ಲ ಅಮ್ಮನೇ. ದಿನಕ್ಕೆರಡು ಊರು ಬದಲಿಸಿದರೆ ಅವಳ ಕೆಲಸವೂ ಎರಡು ಪಟ್ಟು. ‘ಇಷ್ಟೆಲ್ಲ ಆಗಲ್ಲ, ಎರಡೇ ಜಾಗ ಸಾಕು’ ಅನ್ನುವ ಹಕ್ಕು ಅವಳಿಗಿದೆ. ಅದನ್ನು ಹೊರಡುವ ಮುಂಚೆಯೇ ಹೇಳಬೇಕು. ‘ಖರ್ಚು ಮಾಡಿ ಬಂದಿದ್ದೀವಿ’ ಅನ್ನುವ ಮಾತಿಗೆ ಮಗುವಿನ ಆರೋಗ್ಯಕ್ಕಿಂತ ಹೆಚ್ಚಿನ ಬೆಲೆ ಇಲ್ಲ.

ಅತ್ತೆಯಂದಿರಿಗೂ ತಾಯಂದಿರಿಗೂ ಒಂದು ಕಿವಿಮಾತು: ನಾವು ಹೋದಾಗ ‘ಎಲ್ಲಾ ತೋರಿಸಿ’ ಅಂತ ಆಸೆ ಪಡುವುದನ್ನು ಕಡಿಮೆ ಮಾಡೋಣ. ನಮ್ಮ ಮುಖ ನೋಡಿಯೇ ಅವರು ಪಟ್ಟಿ ಉದ್ದ ಮಾಡುವುದು.

ಹೊರಡುವ ಮುನ್ನ

* ನಾಲ್ಕು ದಿನಕ್ಕೆ ಎರಡೇ ಊರಿನಲ್ಲಿ ತಂಗಿ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕಾರು ಬೇಡ. ಒಂದು ದಿನ ಹೆಚ್ಚಾದರೆ ಮರುದಿನ ಪೂರ್ತಿ ವಿಶ್ರಾಂತಿ.
* ನೋಡುವುದೆಲ್ಲ ಬೆಳಗ್ಗೆ 10ರೊಳಗೆ, ಸಂಜೆ 5ರ ಮೇಲೆ. ಮಧ್ಯಾಹ್ನ ಕೋಣೆಯಲ್ಲಿ ನಿದ್ದೆ.
* ಕೇಳಲಿ ಬಿಡಲಿ, ಮಗುವಿಗೆ ಕಾಲು ಗಂಟೆಗೊಮ್ಮೆ ಎರಡು ಗುಟುಕು ನೀರು. ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ.
* ಬಹಳ ಹೊತ್ತು ಮೂತ್ರ ಇಲ್ಲ, ಅತ್ತರೆ ಕಣ್ಣೀರಿಲ್ಲ, ಮಂಕಾಗಿದೆ ಅಂದರೆ ಕಾಯಬೇಡಿ. ನೆರಳಿಗೆ ಕರೆದೊಯ್ದು ಮೈ ತಂಪು ಮಾಡಿ, ವೈದ್ಯರ ಹತ್ತಿರ ಹೋಗಿ.
* ನಿಲ್ಲಿಸಿದ ಕಾರಿನಲ್ಲಿ ಒಂದು ನಿಮಿಷಕ್ಕೂ ಮಗುವನ್ನು ಬಿಡಬೇಡಿ. ಹತ್ತೇ ನಿಮಿಷದಲ್ಲಿ ಒಳಗಿನ ಬಿಸಿ ಸುಮಾರು 11 ಡಿಗ್ರಿ ಸೆಲ್ಸಿಯಸ್ ಏರುತ್ತದೆ.
* ಅರಿಜೋನಾದಲ್ಲಿ 8 ವರ್ಷದೊಳಗಿನ, 4 ಅಡಿ 9 ಅಂಗುಲ ಮೀರದ ಮಕ್ಕಳಿಗೆ ಪ್ರತ್ಯೇಕ ಸೀಟು ಕಡ್ಡಾಯ. ತೊಡೆಯ ಮೇಲೆ ಕೂರಿಸಿಕೊಳ್ಳುವ ನಮ್ಮ ರೂಢಿ ಅಲ್ಲಿ ನಡೆಯದು.
* ಐಸ್ ಡಬ್ಬಿಯಲ್ಲಿ ಮೊಸರನ್ನ, ಜತೆಗೆ ಚಪಾತಿ, ಚಟ್ನಿಪುಡಿ, ಅವಲಕ್ಕಿ ಇದ್ದರೆ ಊಟದ ಚಿಂತೆಯಿಲ್ಲ. ಪೆಟ್ರೋಲ್ ಅರ್ಧಕ್ಕಿಳಿದಾಗಲೇ ತುಂಬಿಸಿ.
* 2026ರ ಜನವರಿಯಿಂದ, ಅಮೆರಿಕದ ನಿವಾಸಿಗಳಲ್ಲದ 16 ವರ್ಷ ಮೇಲ್ಪಟ್ಟವರಿಗೆ ಗ್ರ್ಯಾಂಡ್ ಕ್ಯಾನ್ಯನ್, ಜಯಾನ್, ಬ್ರೈಸ್ ಸೇರಿದಂತೆ 11 ಉದ್ಯಾನಗಳಲ್ಲಿ ತಲಾ 100 ಡಾಲರ್ ಹೆಚ್ಚುವರಿ ಶುಲ್ಕವಿದೆ. ಅವರಿಗೆ ವಾರ್ಷಿಕ ಪಾಸಿನ ಬೆಲೆ 250 ಡಾಲರ್. ಇಲ್ಲಿಂದ ಹೋಗುವ ಅಜ್ಜ-ಅಜ್ಜಿಯರು ಲೆಕ್ಕ ಹಾಕಿಕೊಳ್ಳಿ.

ಮುಂದಿನ ಸಲ ನಾನು ಹೋದದ್ದು ನವೆಂಬರ್‌ನಲ್ಲಿ. ಪಟ್ಟಿ ಬರೆದದ್ದು ಮಗಳು. ಮೂರು ದಿನ, ಒಂದೇ ಜಾಗ, ಗ್ರ್ಯಾಂಡ್ ಕ್ಯಾನ್ಯನ್. ಬೆಳಗ್ಗೆ ಅಂಚಿನಲ್ಲಿ ಒಂದಿಷ್ಟು ನಡಿಗೆ, ಮಧ್ಯಾಹ್ನ ಎಲ್ಲರಿಗೂ ನಿದ್ದೆ, ಸಂಜೆ ಸೂರ್ಯ ಮುಳುಗುವುದನ್ನು ನೋಡುತ್ತಾ ಮೊಸರನ್ನ. ಮೊಮ್ಮಗ ಬ್ಯಾಜು ಚುಚ್ಚಿಕೊಂಡು ಮಲಗುವಾಗಲೂ ತೆಗೆಯಲಿಲ್ಲ.

ಮೊನ್ನೆ ಫೋನಿನಲ್ಲಿ ಮೊಮ್ಮಗಳನ್ನು ‘ಕ್ಯಾನ್ಯನ್ ನೆನಪಿದೆಯಾ ಪುಟ್ಟಿ?’ ಅಂತ ಕೇಳಿದೆ. ‘ಹ್ಞೂಂ ಅಜ್ಜಿ, ಅಲ್ಲಿ ಅಳಿಲು ನನ್ನ ಚಪ್ಪಲಿ ಮೂಸಿತ್ತು’ ಅಂದಳು. ಅಳಿಯಂದಿರು ಹಿಂದಿನಿಂದ ನಗುತ್ತಿದ್ದುದು ಕೇಳಿಸಿತು. ಪಟ್ಟಿಯಲ್ಲಿ ಉಳಿದ ಆರು ಜಾಗ ಹಾಗೇ ಇವೆ. ಇರಲಿ ಬಿಡಿ, ಮಕ್ಕಳ ಕಾಲು ಇನ್ನಷ್ಟು ಉದ್ದವಾಗಲಿ.